ರೈಟಪ್ಪನ ಹಲ್ಲಿನ ತಖ್ತೆ

ನಮ್ಮನ್ನೆಲ್ಲ ಕಾಲ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ರೈಟಪ್ಪನ ವಿಷಯದಲ್ಲಿ ಮಾತ್ರ ಅದು ಉಲ್ಟಾ. ಅವನು ಕಾಲಕ್ಕಿಂತ ಎರಡು ವಾರ ಮುಂದೆ ಓಡಿಹೋಗಿ, ಅಲ್ಲಿ ನಿಂತು, ಇನ್ನೂ ಬರಲಿಲ್ಲವಲ್ಲ ಎಂದು ಗಡಿಯಾರ ನೋಡಿಕೊಳ್ಳುವ ಪೈಕಿ.

ಹೆತ್ತವರು ಇಟ್ಟ ಹೆಸರು ಅವನಿಗೆ ಬೇರೆಯೇ ಇತ್ತು. ಅದು ಈಗ ಹಳೆಯ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಆರು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳನ್ನು ತಪಾಸಣೆ ಮಾಡುವುದು ಅವನ ಉದ್ಯೋಗ. ಒಟ್ಟು ನಲವತ್ತೆರಡು ಕೆಂಪು ಸಿಲಿಂಡರು. ಒಂದೊಂದನ್ನು ನೇತುಹಾಕಿದ ಕೊಕ್ಕೆಗೂ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಸೀಲು ಒಡೆದಿಲ್ಲವೇ, ಪೈಪು ಬಿರುಕು ಬಿಟ್ಟಿಲ್ಲವೇ ಎಂದು ವಾರಕ್ಕೊಮ್ಮೆ ನೋಡಿ, ಚೀಟಿಯ ಮೇಲೆ ರೈಟ್ ಮಾರ್ಕ್ ಹಾಕಿ ಸಹಿ ಮಾಡಬೇಕು. ಸೇರಿದ ಹೊಸದರಲ್ಲಿ ಅವನು ನೋಡಿ ರೈಟ್ ಹಾಕುತ್ತಿದ್ದ. ಆಮೇಲೆ ರೈಟ್ ಹಾಕಿ ನೋಡುತ್ತಿದ್ದ. ಕೊನೆಕೊನೆಗೆ ಒಂದನೇ ತಾರೀಖು ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಇಡೀ ತಿಂಗಳ ಚೀಟಿಗಳಿಗೆ ಒಂದೇ ಉಸಿರಿನಲ್ಲಿ ರೈಟ್ ಎಳೆದು, ಮೆಟ್ಟಿಲು ಹತ್ತಿ ಕಟ್ಟಿ ಬರುವುದಷ್ಟೇ ಉಳಿಯಿತು. ಕಟ್ಟುವಾಗಲೂ ಕಣ್ಣು ಇರುತ್ತಿದ್ದದ್ದು ಮುಂದಿನ ಮಹಡಿಯ ಮೇಲೆ. ಅದು ಸೋಮಾರಿತನ ಎಂದು ನೀವು ಅಂದುಕೊಂಡರೆ ತಪ್ಪು. ಸೋಮಾರಿ ಕೂತಿರುತ್ತಾನೆ. ರೈಟಪ್ಪ ಹುಟ್ಟಿದಾಗಿನಿಂದ ನೆಮ್ಮದಿಯಾಗಿ ಕೂತವನೇ ಅಲ್ಲ. ಊಟಕ್ಕೆ ಕೂತಾಗ ಕೈ ತೊಳೆಯುವ ಚಿಂತೆ, ಕೈ ತೊಳೆಯುವಾಗ ಚಪ್ಪಲಿ ಹುಡುಕುವ ಚಿಂತೆ.

ಅಂಥವನನ್ನು ಒಂದು ಸಂಜೆ ಮಗಳ ಶಿಶುವಿಹಾರದಲ್ಲಿ, ಒಂದು ಅಡಿ ಎತ್ತರದ ಹಳದಿ ಕುರ್ಚಿಯ ಮೇಲೆ ಕೂರಿಸಿದ್ದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಸುತ್ತ ಮೂವತ್ತು ಜನ ತಂದೆತಾಯಿಗಳು ಅದೇ ಭಂಗಿಯಲ್ಲಿ ಕೂತಿದ್ದರು. ಮಕ್ಕಳೆಲ್ಲ ‘ದೊಡ್ಡ ಮಿಸ್’ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ ಎದುರಿಗೆ ನಿಂತು, ಅರ್ಧಕ್ಕರ್ಧ ಮಕ್ಕಳ ಹಲ್ಲು ಹುಳುಕಾಗಿದೆ ಎಂದು ಬೇಸರದಿಂದ ಹೇಳುತ್ತಿದ್ದರು.

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ ಅಂತ ಬಿಟ್ಟುಬಿಡ್ತೀರಿ. ನಾಲ್ಕು ವರ್ಷದ ಮಗು ಹಲ್ಲುನೋವು ಅಂತ ಊಟ ಬಿಟ್ಟು ಅಳೋದನ್ನ ನಾವು ನೋಡಬೇಕಾಗುತ್ತೆ. ನಿಜ ಹೇಳಿ. ದಿನಕ್ಕೆ ಎರಡು ಸಲ ಮಗುವಿನ ಹಲ್ಲನ್ನ ನೀವೇ ಕೂತು ಉಜ್ಜೋರು ಇಲ್ಲಿ ಯಾರಿದ್ದೀರಿ? ಕೈ ಎತ್ತಿ."

ಯಾರೂ ಕೈ ಎತ್ತಲಿಲ್ಲ. ಅದೇ ಗಳಿಗೆಯಲ್ಲಿ ರೈಟಪ್ಪ ಕೈಗಡಿಯಾರ ನೋಡಲು ಮಣಿಕಟ್ಟನ್ನು ದೀಪದ ಬೆಳಕಿಗೆ ಎತ್ತಿ ಹಿಡಿದ.

"ನೋಡಿ, ಒಬ್ಬರಾದ್ರೂ ಇದ್ದಾರೆ," ಎಂದರು ದೊಡ್ಡ ಮಿಸ್. "ಎದ್ದು ನಿಂತ್ಕೊಳ್ಳಿ ಸಾರ್."

ಇಳಿಸಬಹುದಿತ್ತು ಕೈಯನ್ನು. ಆದರೆ ಮೂವತ್ತು ಜನ ತಿರುಗಿ ನೋಡುವಾಗ ಇಳಿಸುವುದು ಎಂಥ ಗಂಡಸಿಗೂ ಕಷ್ಟ. ಅಷ್ಟೇ ಅಲ್ಲ, ಎದುರುಮನೆ ಟೈಲರ್ ಮತ್ತವನ ಹೆಂಡತಿ ಎರಡನೇ ಸಾಲಿನಲ್ಲೇ ಕೂತಿದ್ದರು.

"ಹೇಗೆ ನೆನಪಿಟ್ಕೊಳ್ತೀರಿ ಸಾರ್, ಇಷ್ಟು ಕೆಲಸದ ಮಧ್ಯೆ?" ಎಂದು ದೊಡ್ಡ ಮಿಸ್ ಕೇಳಿದರು.

"ನೆನಪು ಯಾಕೆ ಮೇಡಂ," ಎಂದ ರೈಟಪ್ಪ. ಬಾಯಿ ಅವನಿಗಿಂತ ಮುಂದೆ ಓಡಿತ್ತು. "ನಾವು ತಖ್ತೆ ಇಟ್ಟಿದೀವಿ. ಬೆಳಿಗ್ಗೆ ಒಂದು ಕಾಲಂ, ರಾತ್ರಿ ಒಂದು ಕಾಲಂ, ಷರಾ, ಸಹಿ. ದಾಖಲೆ ಇಲ್ಲದ ಕೆಲಸ ಕೆಲಸಾನೇ ಅಲ್ಲ."

ತಿಂಗಳ ಕೊನೆಗೆ ಆ ತಖ್ತೆಯನ್ನು ಎಲ್ಲರಿಗೂ ತೋರಿಸಬೇಕು ಎಂದು ದೊಡ್ಡ ಮಿಸ್ ಕೈಮುಗಿದು ಕೇಳಿಕೊಂಡರು. ಹೀಗೆ ರೈಟಪ್ಪ ಇಲ್ಲದ ತಖ್ತೆಗೆ ಒಡೆಯನಾಗಿ ಮನೆಗೆ ಬಂದ.

ಬಂದವನೇ ಚಪ್ಪಲಿ ಕೂಡ ಬಿಡದೆ ತಖ್ತೆ ಬರೆಯಲು ಕೂತ. ಆಫೀಸಿನಿಂದ ತಂದ ಉದ್ದನೆಯ ಹಾಳೆಗೆ ಕೆಂಪು ಗೆರೆ, ಮೂವತ್ತೊಂದು ಸಾಲು, ಮೇಲೆ ‘ದಂತ ಶುಚಿತ್ವ ತಪಾಸಣಾ ತಖ್ತೆ’ ಎಂಬ ಶೀರ್ಷಿಕೆ. ಹಾಳೆಯನ್ನು ಮಡಿಸಿ, ಆಯಾ ದಿನದವರೆಗಿನ ಸಾಲುಗಳು ಮಾತ್ರ ಕಾಣುವಂತೆ ಕ್ಲಿಪ್ ಹಾಕಿ, ಬಚ್ಚಲಮನೆಯ ಬಾಗಿಲ ಪಕ್ಕ ದಾರದಲ್ಲಿ ನೇತುಹಾಕಿದ. ಸಿಲಿಂಡರಿಗೆ ಕಟ್ಟುವ ದಾರವೇ ಅದು.

ಮಗಳು ಬಂದು ತಲೆ ಎತ್ತಿ ನೋಡಿದಳು. ವಯಸ್ಸು ನಾಲ್ಕು ತುಂಬಿತ್ತು. ಕಣ್ಣು, ಕೈ, ಬಾಯಿ ಮೂರೂ ಚುರುಕಾದ್ದರಿಂದ ಮನೆಯಲ್ಲಿ ಅವಳಿಗೆ ಚೂಟಿ ಎಂದೇ ಹೆಸರು.

"ಅಪ್ಪ, ಇದೇನು?"

"ಇದರಲ್ಲಿ ರೈಟ್ ಇದ್ರೆ ನಿನ್ನ ಹಲ್ಲು ಉಜ್ಜಿ ಆಯ್ತು ಅಂತ ಅರ್ಥ."

ಚೂಟಿ ಇದನ್ನು ಚೆನ್ನಾಗಿ ಮನಸ್ಸಿಗೆ ಹಾಕಿಕೊಂಡಳು. ಮುಂದಿನ ಅನಾಹುತಕ್ಕೆಲ್ಲ ಈ ಒಂದು ವಾಕ್ಯವೇ ಕಾರಣ ಎಂದು ಈಗಲೇ ಹೇಳಿಬಿಡುತ್ತೇನೆ.

ಮೊದಲ ತಿಂಗಳು ರೈಟಪ್ಪ ನಿಯತ್ತಿನಿಂದ ನಡೆದುಕೊಂಡ. ಬೆಳಿಗ್ಗೆ ಅವನು, ರಾತ್ರಿ ಅವನ ತಾಯಿ, ಇಬ್ಬರೂ ಪಾಳಿಯ ಮೇಲೆ ಚೂಟಿಯ ಹಲ್ಲುಜ್ಜಿದರು. ಅವನ ಹೆಂಡತಿ ಸಿಟಿ ಬಸ್ಸಿನ ಡ್ರೈವರ್. ಮಗು ಏಳುವ ಮುಂಚೆ ಡಿಪೋಗೆ ಹೋದರೆ ಸಂಜೆ ಸೊಂಟ ಹಿಡಿದುಕೊಂಡು ಬರುತ್ತಿದ್ದಳು. ಮಲಗುವ ಮುಂಚೆ ತಖ್ತೆಯಲ್ಲಿ ಎರಡು ಕೆಂಪು ರೈಟ್ ನೋಡಿದರೆ ಅವಳಿಗೆ ನಿಶ್ಚಿಂತೆ.

"ರೀ, ನೀವು ಇಷ್ಟು ಶಿಸ್ತು ಅಂತ ಮದುವೆ ಆದಾಗಿನಿಂದ ನನಗೆ ಗೊತ್ತೇ ಇರ್ಲಿಲ್ಲ," ಎಂದಳು ಒಂದು ರಾತ್ರಿ. ಆರು ವರ್ಷದಲ್ಲಿ ಹೆಂಡತಿಯ ಬಾಯಿಂದ ಅವನು ಕೇಳಿದ ಮೊದಲ ಹೊಗಳಿಕೆ ಅದು. ರೈಟಪ್ಪ ಆ ರಾತ್ರಿ ಹೊರಳಾಡದೆ ಮಲಗಿದ.

ತಿಂಗಳ ಕೊನೆಗೆ ತುಂಬಿದ ತಖ್ತೆಯ ಫೋಟೋ ಶಿಶುವಿಹಾರದ ಪೋಷಕರ ಫೋನುಗಳಿಗೆಲ್ಲ ಹೋಯಿತು. ಅಲ್ಲಿಂದ ಊರ ನೆಮ್ಮದಿ ಕೆಟ್ಟಿತು. ಮನೆಮನೆಯಲ್ಲೂ ಹೆಂಡತಿಯರು ಫೋನನ್ನು ಗಂಡಂದಿರ ಮೂಗಿಗೆ ಹಿಡಿದರು. ಎದುರುಮನೆ ಟೈಲರ್ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ರೈಟಪ್ಪನನ್ನು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದ.

"ಸಾರ್, ನಿಮಗೆ ನಾನೇನು ಅನ್ಯಾಯ ಮಾಡಿದ್ದೆ? ನಿಮ್ಮ ಪ್ಯಾಂಟು ಮೂರು ಸಲ ಗಿಡ್ಡ ಮಾಡಿ, ನಾಲ್ಕು ಸಲ ಉದ್ದ ಮಾಡಿ ಕೊಟ್ಟಿದ್ದೀನಿ. ಈಗ ನಮ್ಮನೆಯವಳು ಕಾಜಾ ಹೊಲಿಯೋದಕ್ಕೂ ತಖ್ತೆ ಹಾಕು ಅಂತಾಳೆ."

"ಶಿಸ್ತು ಬೇಕ್ರೀ," ಎಂದು ಹೇಳಿ ರೈಟಪ್ಪ ಎರಡೆರಡು ಮೆಟ್ಟಿಲು ಹಾರಿಕೊಂಡು ಹೋದ.

ಎರಡನೇ ತಿಂಗಳು ಕಚೇರಿ ಕಟ್ಟಡದಲ್ಲಿ ವಾರ್ಷಿಕ ತಪಾಸಣೆ ಹತ್ತಿರ ಬಂದಿತ್ತು. ಬೆಳಿಗ್ಗೆ ಎಂಟಕ್ಕೆ ಶಿಶುವಿಹಾರದ ವ್ಯಾನು ಹಾರ್ನ್ ಹೊಡೆಯುತ್ತದೆ. ಚೂಟಿಯ ಒಂದು ಕಾಲಿಗೆ ಸಾಕ್ಸ್ ಹಾಕುವಷ್ಟರಲ್ಲಿ ಇನ್ನೊಂದು ಕಾಲಿನದು ಬಿಚ್ಚಿರುತ್ತದೆ. ‘ಈಗ ರೈಟ್ ಹಾಕಿಬಿಡ್ತೀನಿ, ರಾತ್ರಿ ಅಮ್ಮ ಹೇಗೂ ಚೆನ್ನಾಗಿ ಉಜ್ಜುತ್ತಾಳೆ’ ಎಂದುಕೊಂಡು ರೈಟಪ್ಪ ಒಂದು ದಿನ ರೈಟ್ ಎಳೆದ. ಎರಡನೇ ದಿನ ಎರಡನ್ನೂ ಎಳೆದ. ಭಾನುವಾರ ವಾರದ್ದೆಲ್ಲ ಎಳೆದ. ಮೂರನೇ ತಿಂಗಳು ಒಂದನೇ ತಾರೀಖು ಸಿಲಿಂಡರಿನ ಚೀಟಿಗಳನ್ನು ಮುಗಿಸಿ ಪೆನ್ನು ಇನ್ನೂ ಬಿಸಿಯಾಗಿದ್ದಾಗಲೇ ಮಗಳ ತಖ್ತೆಯನ್ನೂ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ರೈಟ್ ಹಾಕಿ, ಷರಾ ಕಾಲಮ್ಮಿನಲ್ಲಿ ‘ಉತ್ತಮ’ ಎಂದು ಬರೆದು, ಮಡಿಸಿ ಕ್ಲಿಪ್ ಹಾಕಿಬಿಟ್ಟ. ಅದರಲ್ಲಿ ಮೋಸದ ಉದ್ದೇಶವಿರಲಿಲ್ಲ. ಮುಂದೆ ಆಗಲಿರುವ ಒಳ್ಳೆಯ ಕೆಲಸವನ್ನು ಮುಂಚಿತವಾಗಿ ದಾಖಲಿಸಿದ್ದ, ಅಷ್ಟೇ.

ಇದೇ ಮೂರನೇ ತಿಂಗಳ ಹದಿನಾರನೇ ತಾರೀಖು ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಐದನೇ ಮಹಡಿಯ ಮೆಟ್ಟಿಲ ಮೇಲೆ ರೈಟಪ್ಪನ ಫೋನು ಬಡಿದುಕೊಂಡಿತು. ದೊಡ್ಡ ಮಿಸ್.

"ಸಾರ್, ಸಿಹಿ ಸುದ್ದಿ. ನಾಳೆ ನಮ್ಮಲ್ಲಿ ಹಲ್ಲಿನ ದಿನ. ಆರೋಗ್ಯ ಇಲಾಖೆ ಅಧಿಕಾರಿಗಳು ಬರ್ತಾರೆ, ಹಲ್ಲಿನ ಡಾಕ್ಟರಮ್ಮ ಬರ್ತಾರೆ. ನಿಮ್ಮ ತಖ್ತೇನ ಎಲ್ಲಾ ಶಿಶುವಿಹಾರಕ್ಕೂ ಅಚ್ಚು ಹಾಕಿಸ್ತಾರಂತೆ. ನಿಮಗೆ ಆದರ್ಶ ಪೋಷಕ ಪ್ರಶಸ್ತಿ. ಚೂಟಿಯ ಬಾಯನ್ನ ವೇದಿಕೆ ಮೇಲೆ ಎಲ್ಲರಿಗೂ ತೋರಿಸೋಣ. ಈ ತಿಂಗಳ ತಖ್ತೆ ಕೂಡ ತನ್ನಿ."

"ರೈಟ್ ಮೇಡಂ," ಎಂದ ರೈಟಪ್ಪ. ಅಭ್ಯಾಸಬಲ. ಫೋನು ಇಟ್ಟ ಮೇಲೆ ಯೋಚನೆ ಬಂತು. ಮಗಳ ಹಲ್ಲನ್ನು ತಾನು ಕೊನೆಯ ಸಲ ನೋಡಿದ್ದು ಯಾವಾಗ?

ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಅವನ ತಾಯಿ ಕಿಟಕಿಯ ಬಳಿ ಕೂತು ಕನ್ನಡಕ ಒರೆಸುತ್ತಿದ್ದರು.

"ಅಮ್ಮ, ರಾತ್ರಿ ಹೊತ್ತು ಚೂಟಿ ಹಲ್ಲು ಉಜ್ಜುತ್ತಿದೀಯ ತಾನೇ?"

"ನಾನ್ಯಾಕೆ ಉಜ್ಜಲಿ? ನಾನು ಬ್ರಷ್ ತಗೊಂಡು ಹೋಗೋ ಹೊತ್ತಿಗೆ ನೀನು ರೈಟ್ ಹಾಕಿರ್ತೀಯ. ಚೂಟಿನೇ ತೋರಿಸ್ತಾಳೆ, ‘ಅಜ್ಜಿ, ಆಗಿದೆ’ ಅಂತ. ಆಮೇಲೆ ಸಕ್ಕರೆ ಹಾಕಿ ಒಂದು ಲೋಟ ಹಾಲು ಕುಡಿಸಿ ಮಲಗಿಸ್ತೀನಿ. ನಿದ್ದೆಯಲ್ಲೇ ಕುಡೀತಾಳೆ ಪಾಪ."

"ಎಷ್ಟು ದಿನದಿಂದ?"

"ಬೇಸಿಗೆ ರಜಕ್ಕೆ ಮುಂಚಿನಿಂದ ಹಾಲು. ಹಲ್ಲಿಂದು, ನೀನು ರೈಟ್ ಹಾಕೋಕೆ ಶುರು ಮಾಡಿದಾಗಿನಿಂದ. ಒಂದೂವರೆ ತಿಂಗಳು ಆಗಿರಬಹುದು. ಯಾಕೋ, ಮುಖ ಹೀಗಿದೆ? ಕೂತ್ಕೊಳೋ."

ಕೂರುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಚ್ಚಲಮನೆಗೆ ಓಡಿದ. ಬ್ರಷ್ ಇರಲಿಲ್ಲ.

"ಚೂಟಿ, ನಿನ್ನ ಬ್ರಷ್ ಎಲ್ಲಿ?"

ಚೂಟಿ ಆಟದ ಬುಟ್ಟಿಯಿಂದ ತಂದುಕೊಟ್ಟಳು. ಅದರ ತುಂಬ ಬೊಂಬೆಯ ಚಿನ್ನದ ಬಣ್ಣದ ಕೂದಲು ಸುತ್ತಿಕೊಂಡಿತ್ತು. "ಇದರಲ್ಲಿ ಗೊಂಬೆಗೆ ತಲೆ ಬಾಚ್ತೀನಿ. ಹಲ್ಲಿಗೆ ಬೇಡ ಅಲ್ವಾ? ರೈಟ್ ಇದೆಯಲ್ಲ."

ರೈಟಪ್ಪ ಅಂಗಡಿಗೆ ಓಡಿ ಹೊಸ ಬ್ರಷ್ ತಂದ. ಒಂದೂವರೆ ತಿಂಗಳ ಬಾಕಿಯನ್ನು ಒಂದೇ ಸಂಜೆ ತೀರಿಸಲು ಹೊರಟ. ಒಂದು ಸಲ ಉಜ್ಜಿದ. ಎರಡನೇ ಸಲ ಉಜ್ಜಿದ. ನಾಲ್ಕನೇ ಸಲಕ್ಕೆ ಚೂಟಿ ಅವನ ಬೆರಳು ಕಚ್ಚಿದಳು. ಐದನೇ ಸಲಕ್ಕೆ ಅಪಾರ್ಟ್‌ಮೆಂಟೇ ನಡುಗುವ ಹಾಗೆ ಕಿರುಚಿದಳು. ಬಾಗಿಲು ಬಡಿದ ಸದ್ದಾಯಿತು. ಟೈಲರ್ ಮತ್ತು ಅವನ ಹಿಂದೆ ಅವನ ಹೆಂಡತಿ.

"ಸಾರ್, ಮಗು ಯಾಕೆ ಅಳ್ತಿದೆ?"

"ಹಲ್ಲುಜ್ತಾ ಇದೀವಿ."

"ಅರ್ಧ ಗಂಟೆಯಿಂದಲೂ?"

"ನಮ್ಮಲ್ಲಿ ಪದ್ಧತಿ ಹಾಗೇ," ಎಂದ ರೈಟಪ್ಪ, ಕಚ್ಚಿಸಿಕೊಂಡ ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡು.

ಟೈಲರನ ಹೆಂಡತಿ ಗಂಡನ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಾ? ಅರ್ಧ ಗಂಟೆ. ನಾವು ಅರ್ಧ ನಿಮಿಷ ಮಾಡಿ ಹಲ್ಲು ಹುಳುಕು ಅಂತ ಅಳ್ತೀವಿ."

ಹತ್ತು ನಿಮಿಷದೊಳಗೆ ಟೈಲರನ ಮಗ ಕಿರುಚತೊಡಗಿದ. ಅದನ್ನು ಕೇಳಿ ಮೇಲಿನ ಮನೆಯವರು ವಿಚಾರಿಸಿಕೊಂಡು ಹೋದರು. ಅವರ ಅವಳಿ ಮಕ್ಕಳು ಜೊತೆಯಾಗಿ ಶುರು ಮಾಡಿದರು. ಏಳು ಗಂಟೆಯ ಹೊತ್ತಿಗೆ ಐದು ಮನೆಗಳಲ್ಲಿ ಐದು ಶ್ರುತಿಯಲ್ಲಿ ಅಳು. ಗೇಟಿನ ಕಾವಲುಗಾರ ಲಾಠಿ ಹಿಡಿದು ಮಹಡಿ ಮಹಡಿ ಹತ್ತಿದ. ಪ್ರತಿ ಬಾಗಿಲಲ್ಲೂ "ಹಲ್ಲುಜ್ತಾ ಇದೀವಿ" ಎಂಬ ಒಂದೇ ಉತ್ತರ ಸಿಕ್ಕಿದ್ದರಿಂದ ಇಳಿದು ಹೋಗಿ, ಯಾರೂ ಹೇಳದಿದ್ದರೂ ತಾನೂ ಒಮ್ಮೆ ಬಾಯಿ ಮುಕ್ಕಳಿಸಿಕೊಂಡ.

ಕೊನೆಗೆ ಚೂಟಿ ಬಸವಳಿದು ಬಾಯಿ ತೆರೆದಾಗ ರೈಟಪ್ಪ ಸಿಲಿಂಡರ್ ನೋಡುವ ಟಾರ್ಚಿನ ಬೆಳಕು ಬಿಟ್ಟು ಒಳಗೆ ಇಣುಕಿದ. ಕಪ್ಪು ಚುಕ್ಕೆ ಹುಡುಕಿದ. ಮೇಲೆ ನೋಡಿದ, ಕೆಳಗೆ ನೋಡಿದ, ಹಿಂದೆ ನೋಡಿದ. ಎಲ್ಲೂ ಕಪ್ಪಿಲ್ಲ. ಬದಲಿಗೆ ಮುಂದಿನ ನಾಲ್ಕು ಹಲ್ಲುಗಳ ಮೇಲೆ, ವಸಡಿನ ಪಕ್ಕದಲ್ಲೇ, ಸುಣ್ಣ ಬಳಿದ ಹಾಗೆ ಬೆಳ್ಳನೆಯ ಗೆರೆಗಳಿದ್ದವು. ಉಳಿದ ಹಲ್ಲಿಗಿಂತ ಬಿಳಿ.

"ಅಮ್ಮ, ಬಾ ಇಲ್ಲಿ. ಕಪ್ಪು ಹೋಗಲಿ, ಇನ್ನೂ ಬೆಳ್ಳಗಾಗಿದೆ."

ಮುದುಕಿ ಕನ್ನಡಕ ಏರಿಸಿ ನೋಡಿದರು. "ಹಾಲು ಕುಡಿಸಿದ್ದು ಸುಮ್ನೆ ಹೋಯ್ತಾ ಮತ್ತೆ," ಎಂದರು.

ರೈಟಪ್ಪ ಮೂರು ಗಂಟೆಗಳಲ್ಲಿ ಮೊದಲ ಸಲ ಉಸಿರು ಬಿಟ್ಟ.

ಮರುದಿನ ಶಿಶುವಿಹಾರದ ಅಂಗಳದಲ್ಲಿ ಪುಟ್ಟ ವೇದಿಕೆ. ಹಿಂದಿನ ಗೋಡೆಗೆ ಒರಗಿಸಿದ್ದ ಪ್ರಶಸ್ತಿ ಎಲ್ಲರ ಕಣ್ಣು ಸೆಳೆಯುತ್ತಿತ್ತು. ಅದು ರಟ್ಟಿನಿಂದ ಮಾಡಿದ, ಚೂಟಿಯಷ್ಟೇ ಎತ್ತರದ ನೀಲಿ ಹಲ್ಲಿನ ಬ್ರಷ್. ಹಿಡಿಕೆಯ ಮೇಲೆ ಚಿನ್ನದ ಅಕ್ಷರದಲ್ಲಿ ‘ಆದರ್ಶ ಪೋಷಕ’, ಅದರ ಕೆಳಗೆ ರೈಟಪ್ಪನ ನಿಜವಾದ ಹೆಸರು. ತನ್ನ ಹೆಸರನ್ನು ಗುರುತು ಹಿಡಿಯಲು ಅವನಿಗೇ ಎರಡು ಗಳಿಗೆ ಬೇಕಾಯಿತು. ಹೆಂಡತಿ ಎರಡು ಟ್ರಿಪ್ಪುಗಳ ನಡುವಿನ ಬಿಡುವಿನಲ್ಲಿ ಖಾಕಿ ಸಮವಸ್ತ್ರದಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ಎದ್ದು ಕಾಣುತ್ತಿತ್ತು. ಅದನ್ನು ನೋಡಿ ರೈಟಪ್ಪನಿಗೆ ಖುಷಿಯಾಯಿತು, ಆದರೂ ಕೈಯಲ್ಲಿದ್ದ ತಖ್ತೆಯ ಕ್ಲಿಪ್ಪನ್ನು ಒಮ್ಮೆ ಒತ್ತಿ ನೋಡಿಕೊಂಡ.

ಮೈಕು ಕೈಗೆ ಬಂದಾಗ ಅವನು ಎರಡು ಮಾತು ಹೇಳಿ ಇಳಿಯಬೇಕು ಎಂದಿದ್ದ. ಆದರೆ ಮುಂದೆ ಓಡುವ ಬಾಯಿ ಅದು.

"ನಾನು ಹೆಚ್ಚೇನೂ ಹೇಳಲ್ಲ. ಫಲಿತಾಂಶ ನನ್ನ ಮಗಳ ಬಾಯಲ್ಲಿದೆ. ಕಪ್ಪು ಚುಕ್ಕೆ ಬಿಡಿ, ಬೇರೆ ಮಕ್ಕಳಿಗೆ ಇಲ್ಲದ ಬಿಳಿ ಗೆರೆ ಕೂಡ ಅವಳ ಹಲ್ಲಲ್ಲಿ ಮೂಡಿದೆ. ವಸಡಿನ ಪಕ್ಕದಲ್ಲೇ. ಶುಚಿತ್ವ ಮಿತಿ ಮೀರಿದರೆ ಹಾಗಾಗುತ್ತೆ."

ಚಪ್ಪಾಳೆ ಬಿತ್ತು. ಟೈಲರನ ಹೆಂಡತಿ ಮಗನ ತುಟಿ ಎತ್ತಿ ನೋಡಿ, "ನಮ್ಮವನಿಗೆ ಯಾಕಿಲ್ಲ ಬಿಳಿ ಗೆರೆ?" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ವೇದಿಕೆಯ ಮೇಲೆ ಕೂತಿದ್ದ ಹಲ್ಲಿನ ಡಾಕ್ಟರಮ್ಮ ಮಾತ್ರ ಚಪ್ಪಾಳೆ ತಟ್ಟದೆ ರೈಟಪ್ಪನನ್ನು ಒಂದು ಥರ ನೋಡಿದರು.

ಆರೋಗ್ಯ ಇಲಾಖೆಯ ಅಧಿಕಾರಿ ಎದ್ದರು. ಕಾಗದಪತ್ರ ಕಂಡರೆ ಪ್ರಾಣ ಬಿಡುವ ಮನುಷ್ಯ. ತಖ್ತೆಯ ಕ್ಲಿಪ್ ತೆಗೆದು, ಮಡಿಕೆ ಬಿಚ್ಚಿ, ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ನೋಡಿ ಎಷ್ಟು ಸೊಗಸಾಗಿದೆ. ಒಂದು ದಿನ ಖಾಲಿ ಇಲ್ಲ. ಹತ್ತನೇ ತಾರೀಖು, ಬೆಳಿಗ್ಗೆ ರೈಟ್, ರಾತ್ರಿ ರೈಟ್, ಷರಾ ಉತ್ತಮ. ಹದಿನೈದು, ರೈಟ್, ರೈಟ್, ಉತ್ತಮ. ಹದಿನೇಳು, ರೈಟ್, ರೈಟ್." ಅವರು ನಿಂತರು. "ಇವತ್ತು ಎಷ್ಟನೇ ತಾರೀಖು?"

"ಹದಿನೇಳು," ಎಂದಿತು ಸಭೆ, ಒಕ್ಕೊರಲಿನಿಂದ.

"ರಾತ್ರಿದೂ ಆಗಿದೆಯಲ್ಲ." ಅವರು ಕನ್ನಡಕ ಸರಿ ಮಾಡಿಕೊಂಡು ಕೆಳಗೆ ಓದಿದರು. "ಹದಿನೆಂಟು, ಉತ್ತಮ. ಇಪ್ಪತ್ತನಾಲ್ಕು, ಉತ್ತಮ. ಮೂವತ್ತು, ಉತ್ತಮ. ಮೂವತ್ತೊಂದು."  ಬೆರಳ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದರು. "ಈ ತಿಂಗಳಿಗೆ ಮೂವತ್ತೇ ದಿನ ಅಲ್ವಾ?"

ಇಲ್ಲದ ದಿನದಲ್ಲೂ ಮಗುವಿನ ಹಲ್ಲುಜ್ಜಿದ ಮೊದಲ ತಂದೆಯೆಂಬ ಕೀರ್ತಿ ಹೀಗೆ ರೈಟಪ್ಪನಿಗೆ ಸಂದಿತು. ಸಭೆಯಲ್ಲಿ ಒಂದು ಸೂಜಿ ಬಿದ್ದರೂ ಟೈಲರ್ ಅದು ಎಷ್ಟನೇ ನಂಬರಿನದು ಎಂದು ಹೇಳಬಹುದಿತ್ತು. 

ಅಧಿಕಾರಿ ಪಾಪ ಒಳ್ಳೆಯವರು. "ಇದನ್ನ ಮುಂಗಡ ಯೋಜನೆ ಅಂತ ಕೂಡ ನೋಡಬಹುದು," ಎಂದು ಕೈಲಾದಷ್ಟು ಪ್ರಯತ್ನಪಟ್ಟರು.

ದೊಡ್ಡ ಮಿಸ್ ಬಗ್ಗಿ ಚೂಟಿಯ ತಲೆ ಸವರಿದರು. "ಪುಟ್ಟಾ, ಅಪ್ಪ ದಿನಾ ನಿನ್ನ ಹಲ್ಲು ಉಜ್ತಾರಾ?"

"ಇಲ್ಲ ಮಿಸ್. ಅಪ್ಪ ಹಾಳೆ ಉಜ್ತಾರೆ," ಎಂದಳು ಚೂಟಿ, ಗಾಳಿಯಲ್ಲಿ ರೈಟ್ ಎಳೆದು ತೋರಿಸುತ್ತ. "ನಿನ್ನೆ ಮಾತ್ರ ತುಂಬಾ ಉಜ್ಜಿದ್ರು. ನಾನು ಕಚ್ಚಿದೆ."

ಸಭೆ ಘೊಳ್ಳೆಂದು ನಕ್ಕಿತು. ಟೈಲರ್ ಎಲ್ಲರಿಗಿಂತ ಜೋರಾಗಿ ನಕ್ಕ. ಒಂದೂವರೆ ತಿಂಗಳ ಸೇಡು ಅದು. ರೈಟಪ್ಪ ಹೆಂಡತಿಯ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ಕೂತಿದ್ದಳು. ಅದು ನಗುವಿಗಿಂತ ಕೆಟ್ಟದಾಗಿ ನಾಟಿತು.

"ತಖ್ತೆ ತಪ್ಪಿರಬಹುದು," ಎಂದ ಅವನು, ಮೈಕಿಲ್ಲದೆ, ಯಾರಿಗೆಂದು ಗೊತ್ತಿಲ್ಲದೆ. "ಹಲ್ಲು ಸರಿಯಾಗಿದೆ. ನೀವೇ ನೋಡಿ ಮೇಡಂ."

ಡಾಕ್ಟರಮ್ಮ ಚೂಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಟ್ಟ ಕನ್ನಡಿ ಹಿಡಿದು, ತುಟಿ ಮೆಲ್ಲಗೆ ಎತ್ತಿ ನೋಡಿದರು. ಅವಸರವೇ ಇಲ್ಲ. ಒಂದೊಂದು ಹಲ್ಲಿಗೂ ಸಿಲಿಂಡರಿಗೆ ರೈಟಪ್ಪ ಎಂದೂ ಕೊಡದಷ್ಟು ಹೊತ್ತು ಕೊಟ್ಟರು. ಆಮೇಲೆ ಅವನನ್ನು ಹತ್ತಿರ ಕರೆದು, ಸಭೆಗೆ ಕೇಳಿಸದ ಹಾಗೆ ಹೇಳಿದರು.

"ಈ ಬಿಳಿ ಗೆರೆ ಶುಚಿತ್ವದ್ದಲ್ಲ ಸಾರ್. ಹುಳುಕು ಶುರುವಾಗೋದು ಹೀಗೇನೇ. ಮೊದಲು ಬಿಳಿ, ಆಮೇಲೆ ಕಂದು, ಆಮೇಲೆ ತೂತು. ಎಲ್ಲರೂ ಕಪ್ಪಿಗೆ ಕಾಯ್ತಾರೆ. ಕಪ್ಪು ಬರೋ ಹೊತ್ತಿಗೆ ತಡವಾಗಿರುತ್ತೆ."

 ಸಭೆ ನಕ್ಕಾಗ ಆಗದ ನಾಚಿಕೆ ರೈಟಪ್ಪನಿಗೆ ಈಗ ಆಯಿತು. ಕಾಲು ಕುಣಿಸದೆ, ಗಡಿಯಾರ ನೋಡದೆ ಅವನು ಮಗಳ ಬಾಯನ್ನು ನೋಡಿದ. ಅವಳು ‘ಆ’ ಎಂದು ತೆರೆದುಕೊಂಡೇ ಇದ್ದಳು, ಅಪ್ಪ ನೋಡಲಿ ಎಂದು.

"ಏನು ಮಾಡಬೇಕು ಮೇಡಂ?" ಎಂದ ಕೊನೆಗೆ.

"ಇನ್ನೂ ತೂತು ಬಿದ್ದಿಲ್ಲ, ಅದು ಅದೃಷ್ಟ. ಈಗ ಫ್ಲೋರೈಡ್ ಲೇಪ ಹಚ್ತೀನಿ. ದಿನಕ್ಕೆ ಎರಡು ಸಲ ನೀವೇ ಉಜ್ಜಬೇಕು, ಅವಳ ಕೈಗೆ ಕೊಟ್ಟು ಬಿಡೋದಲ್ಲ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಮಲಗೋವಾಗ ಸಕ್ಕರೆ ಹಾಲು ಬಂದ್. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ರೆ ಏನೂ ಬಾಯಿಗೆ ಹೋಗಬಾರದು. ನಿಯತ್ತಾಗಿ ಮಾಡಿದ್ರೆ ಈ ಗೆರೆ ಅಲ್ಲೇ ನಿಲ್ಲುತ್ತೆ, ಮಾಸಲೂಬಹುದು. ಮೂರು ತಿಂಗಳಿಗೆ ಕರ್ಕೊಂಡು ಬನ್ನಿ." ಪುಟ್ಟ ಕನ್ನಡಿಯನ್ನು ಒರೆಸಿಡುತ್ತ, "ತಖ್ತೆ ಒಳ್ಳೇದೇ. ಆದ್ರೆ ಪೆನ್ನು ನಿಮ್ಮ ಕೈಯಲ್ಲಿ ಬೇಡ. ಯಾರ ಹಲ್ಲು ಉಜ್ಜಿಸ್ಕೊಳ್ತೋ ಅವರೇ ರೈಟ್ ಹಾಕ್ಲಿ," ಎಂದರು.

ಕಾರ್ಯಕ್ರಮ ಮುಗಿಯಿತು. ರೈಟಪ್ಪ ಮಗಳನ್ನು ಎತ್ತಿಕೊಂಡು ಗೋಡೆ ಹಿಡಿದು ಜಾರಿಕೊಳ್ಳುತ್ತಿದ್ದಾಗ ದೊಡ್ಡ ಮಿಸ್ ರಟ್ಟಿನ ಬ್ರಷ್ ಹೊತ್ತುಕೊಂಡು ಹಿಂದೆ ಬಂದರು.

"ಇದನ್ನ ತಗೊಂಡು ಹೋಗಿ ಸಾರ್."

"ಮೇಡಂ, ದಯವಿಟ್ಟು ಬೇರೆ ಯಾರಿಗಾದ್ರೂ ಕೊಡಿ."

"ಹೇಗೆ ಕೊಡಲಿ? ನಿಮ್ಮ ಹೆಸರು ಬರೆಸಿಬಿಟ್ಟಿದೀವಿ. ನಾವೂ ಸ್ವಲ್ಪ ಮುಂಚೆನೇ ಬರೆಸಿದ್ವಿ," ಎಂದರು ಅವರು. ಮುಖದಲ್ಲಿ ನಗೆಯ ಸುಳಿವಿಲ್ಲ.

ಹೀಗೆ ಆದರ್ಶ ಪೋಷಕ ಒಂದು ಕಂಕುಳಲ್ಲಿ ಮಗಳನ್ನೂ ಇನ್ನೊಂದರಲ್ಲಿ ಅವಳಷ್ಟೇ ಎತ್ತರದ ಬ್ರಷ್ಷನ್ನೂ ಇಟ್ಟುಕೊಂಡು ಹೆಂಡತಿ ಓಡಿಸುವ ಬಸ್ಸನ್ನೇ ಹತ್ತಿದ. ಬೇರೆ ಬಸ್ಸಿನವರು ಆ ಬ್ರಷ್ ಹತ್ತಿಸಿಕೊಳ್ಳುತ್ತಿರಲಿಲ್ಲ. ಹಿಡಿಕೆಯನ್ನು ಪ್ರಯಾಣಿಕರೆಲ್ಲ ಓದಿದರು. ಒಬ್ಬ ಅಜ್ಜ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟು, "ಇಂಥವರು ಇರೋದ್ರಿಂದ್ಲೇ ಮಕ್ಕಳು ಬದುಕ್ಕೊಂಡಿವೆ," ಎಂದ. ರೈಟಪ್ಪ ಕೂರಲಿಲ್ಲ. ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತ. ಹೆಂಡತಿ ಮೂರು ನಿಲ್ದಾಣ ದಾಟಿಸಿದಳು. ಕೆಂಪು ದೀಪದಲ್ಲಿ ಬಸ್ಸು ನಿಂತಾಗ, ಕನ್ನಡಿಯಲ್ಲಿ ನೋಡುತ್ತ ಹೇಳಿದಳು.

"ಬ್ರೇಕ್ ನೋಡಿದೀನಿ ಅಂತ ಡಿಪೋದಲ್ಲಿ ನಾನೂ ದಿನಾ ಸಹಿ ಹಾಕ್ತೀನಿ. ನೋಡಿ ಹಾಕ್ತೀನಿ."

ದೀಪ ಹಸಿರಾಯಿತು.

ಸೋಮವಾರ ರೈಟಪ್ಪ ಎಂದಿಗಿಂತ ಒಂದು ಗಂಟೆ ಮುಂಚೆ ಕಟ್ಟಡಕ್ಕೆ ಹೋದ. ಒಂದನೇ ಮಹಡಿಯಿಂದ ಶುರು ಮಾಡಿ ಒಂದೊಂದು ಸಿಲಿಂಡರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಳ್ಳು ನೋಡಿದ, ಸೀಲು ಮುಟ್ಟಿದ, ಪೈಪು ಬಗ್ಗಿಸಿದ. ಮೂರನೇ ಮಹಡಿಯ ಒಂದು ಕೊಕ್ಕೆಗೆ ಬಂದಾಗ ಚೀಟಿ ಮಾತ್ರ ಗಾಳಿಗೆ ತೂಗುತ್ತಿತ್ತು. ತಿಂಗಳ ಕೊನೆಯವರೆಗೂ ರೈಟ್ ಹಾಕಿದ ಚೀಟಿ. ಸಿಲಿಂಡರೇ ಇರಲಿಲ್ಲ. ಅದು ಚಹಾ ಮಾಡುವ ಕೋಣೆಯ ಬಾಗಿಲು ಮುಚ್ಚದಂತೆ ಅಡ್ಡ ನಿಂತಿತ್ತು. ಎಷ್ಟು ದಿನದಿಂದ ಎಂದು ಚಹಾದವನನ್ನು ಕೇಳಿದ.

"ಹೋದ ವರ್ಷದಿಂದ ಸಾರ್. ನೀವು ದಿನಾ ಇದರ ಪಕ್ಕದಲ್ಲೇ ಚಹಾ ಕುಡಿದು ಹೋಗ್ತೀರಲ್ಲ."

ರೈಟಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿದ. ಇಷ್ಟು ಭಾರವಿರುತ್ತದೆ ಎಂದು ಅವನಿಗೆ ಅಂದೇ ಗೊತ್ತಾದದ್ದು. ಒಯ್ದು ಕೊಕ್ಕೆಗೆ ಹಾಕಿ, ಚೀಟಿಯನ್ನು ಹರಿದು, ಹೊಸದನ್ನು ಕಟ್ಟಿದ. ಅದರಲ್ಲಿ ಒಂದೇ ಒಂದು ರೈಟ್ ಇತ್ತು.

ಅಂದು ರಾತ್ರಿ ಊಟವಾದ ಮೇಲೆ ಅವನು ನೆಲದ ಮೇಲೆ ಕೂತು ಚೂಟಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಟಾಣಿಯಷ್ಟು ಪೇಸ್ಟು. ಹಿಂದಿನ ಹಲ್ಲು, ಒಳಗಿನ ಬದಿ, ಬಿಳಿ ಗೆರೆಯ ಮೇಲೆ ಮೆಲ್ಲಗೆ. ಎರಡು ನಿಮಿಷ ಎಂದರೆ ಎಷ್ಟು ಉದ್ದ ಎಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಅವನ ಕಾಲಿನ ಹೆಬ್ಬೆರಳು ಸುಮ್ಮನಿರಲಾರದೆ ನೆಲ ಕುಟ್ಟುತ್ತಿತ್ತು. ಗೋಡೆಗೆ ಒರಗಿಸಿದ್ದ ರಟ್ಟಿನ ಬ್ರಷ್ ಮೇಲಿನಿಂದ ಇಬ್ಬರನ್ನೂ ನೋಡುತ್ತಿತ್ತು. ಅವನ ತಾಯಿ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯನ್ನು ಎಲ್ಲಕ್ಕಿಂತ ಮೇಲಿನ ಹಲಗೆಗೆ ಸಾಗಿಸುತ್ತಿದ್ದರು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

ಮುಗಿಯಿತು. ಚೂಟಿ ಉಗಿದು, ಎದ್ದು, ಕೆಂಪು ಪೆನ್ಸಿಲು ಹಿಡಿದು ಖಾಲಿಯಿದ್ದ ಹೊಸ ತಖ್ತೆಯ ಮುಂದೆ ತುದಿಗಾಲಲ್ಲಿ ನಿಂತಳು. ನಾಲಗೆ ಹೊರಗೆ ಚಾಚಿ, ಉಸಿರು ಬಿಗಿಹಿಡಿದು, ಏಣಿ ಬಿದ್ದ ಹಾಗೆ ಸೊಟ್ಟಗೆ ಒಂದು ರೈಟ್ ಎಳೆದಳು.

"ಚೂಟಿ, ನಾಳೆ ಬೆಳಿಗ್ಗೆ ನನಗೆ ಬೇಗ ಹೋಗಬೇಕಮ್ಮ," ಎಂದ ರೈಟಪ್ಪ. ಹುಟ್ಟುಗುಣ ಎಲ್ಲಿ ಹೋಗುತ್ತದೆ. "ಹಾಗೇ ನಾಳೆದಕ್ಕೂ ಒಂದು ಎಳೆದುಬಿಡು."

ಚೂಟಿ ಪೆನ್ಸಿಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನಾಳೆ ಇನ್ನೂ ಬಂದಿಲ್ಲ ಅಪ್ಪ," ಎಂದಳು. "ಬಂದ ಮೇಲೆ ನೀನೂ ಇರಬೇಕು."

ರೈಟಪ್ಪ ಹೆಂಡತಿಯ ಕಡೆ ನೋಡಿದ. ಅವಳು ನಕ್ಕುಬಿಟ್ಟಿದ್ದಳು. ಅವನು ಎದ್ದವನು ಮತ್ತೆ ನೆಲದ ಮೇಲೆ ಕೂತ, ಗಡಿಯಾರ ಬಿಚ್ಚಿ ಬದಿಗಿಟ್ಟ, ಮತ್ತು ಆ ರಾತ್ರಿ ಮನೆಯವರೆಲ್ಲ ಎದ್ದುಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ.